ಪ್ಲೂಟೊ ಹೋದ ಮೇಲೆ ನವಗ್ರಹ ಎಂಟಾಯಿತೇ?

ಪ್ರಶ್ನೆ: ಪ್ಲೂಟೊ ಗ್ರಹವೇ ಅಲ್ಲ ಎಂದಾದರೆ ನವಗ್ರಹದಲ್ಲಿ ಒಂದು ಕಡಿಮೆಯಾಯಿತಲ್ಲ?

ಉಡುಪಿಯ ಯಾವ ಶಾಲೆಗೆ ಹೋಗಲಿ, ದೂರದರ್ಶಕ ನಿಲ್ಲಿಸುವ ಮೊದಲೇ ಈ ಪ್ರಶ್ನೆ ಬರುತ್ತದೆ. ಮಕ್ಕಳಿಗಿಂತ ಹೆಚ್ಚು ಕೇಳುವವರು ದೊಡ್ಡವರು. ಇಲ್ಲ ಮಾರಾಯ್ರೆ, ಪ್ಲೂಟೊ ಆ ಒಂಬತ್ತರಲ್ಲಿ ಇರಲೇ ಇಲ್ಲ.

ಮುಂದಿನ ಸಲ ದೇವಸ್ಥಾನಕ್ಕೆ ಹೋದಾಗ ನವಗ್ರಹದ ಎದುರು ನಿಂತು ಬೆರಳು ಮಡಚಿ ಎಣಿಸಿ ನೋಡಿ. ನಡುವೆ ಸೂರ್ಯ, ಅವನು ನಕ್ಷತ್ರ. ಚಂದ್ರ ಉಪಗ್ರಹ. ರಾಹು ಕೇತುಗಳು ವಸ್ತುಗಳೇ ಅಲ್ಲ, ಆಕಾಶದಲ್ಲಿ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟುವ ಎರಡು ಬಿಂದುಗಳು. ಉಳಿದದ್ದು ಮಂಗಳ, ಬುಧ, ಗುರು, ಶುಕ್ರ, ಶನಿ. ನವಗ್ರಹದ ಒಂಬತ್ತರಲ್ಲಿ ವಿಜ್ಞಾನದ ಗ್ರಹಗಳ ಪಟ್ಟಿಯಲ್ಲೂ ಇರುವುದು ಈ ಐದು ಮಾತ್ರ. ನಾವು ಕಾಲೂರಿ ನಿಂತ ಭೂಮಿಗೇ ನವಗ್ರಹದಲ್ಲಿ ಜಾಗವಿಲ್ಲ! ಯುರೇನಸ್ ಸಿಕ್ಕಿದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ, ಪ್ಲೂಟೊ 1930ರಲ್ಲಿ. ಶನಿಗೆ ಎಳ್ಳು, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ ಎಂದು ನಮ್ಮ ಹಿರಿಯರು ಇಡುತ್ತಿದ್ದದ್ದು ಅದಕ್ಕೂ ಎಷ್ಟೋ ಮೊದಲು. 1930ರಿಂದ 2006ರವರೆಗೆ ಎರಡೂ ಕಡೆ ಒಂಬತ್ತು ಬಂದದ್ದು ಕಾಕತಾಳೀಯ, ಅಷ್ಟೇ. ದಯವಿಟ್ಟು ಇದನ್ನು ಮನೆಯಲ್ಲೂ ಹೇಳಿ.

ಗ್ರಹದ ಅರ್ಥವೇ ಬದಲಾಗುತ್ತ ಬಂದಿದೆ. ಗ್ರೀಕರಿಗೆ ನಕ್ಷತ್ರಗಳ ನಡುವೆ ಅಲೆಯುವುದೆಲ್ಲ ಗ್ರಹ, ಸೂರ್ಯ ಚಂದ್ರರೂ ಸೇರಿ ಏಳು. ಕೊಪರ್ನಿಕಸ್ ಸೂರ್ಯನನ್ನು ನಡುವಿಗೆ ತಂದ ಮೇಲೆ ಭೂಮಿಯೂ ಗ್ರಹವಾಯಿತು. 1801ರಲ್ಲಿ ಸಿಕ್ಕ ಸೀರಿಸ್ ಹಲವು ದಶಕ ಗ್ರಹವೆನಿಸಿಕೊಂಡಿತ್ತು. ಅದರ ಆಸುಪಾಸಿನಲ್ಲೇ ಒಂದೊಂದಾಗಿ ಇನ್ನಷ್ಟು ಸಿಕ್ಕಾಗ ಕ್ಷುದ್ರಗ್ರಹಗಳ ಸಾಲಿಗೆ ಸೇರಿತು. ಪ್ಲೂಟೊದ ಕಥೆಯೂ ಹೀಗೇ. 1992ರಿಂದ ನೆಪ್ಚೂನಿನಾಚೆ ಅದರಂಥವು ಸಿಗತೊಡಗಿದವು. 2005ರಲ್ಲಿ ಹೆಚ್ಚುಕಡಿಮೆ ಅದರಷ್ಟೇ ದೊಡ್ಡದಾದ ಏರಿಸ್ ಪತ್ತೆಯಾಯಿತು. ಇನ್ನು ಗೆರೆ ಎಳೆಯದೆ ನಿರ್ವಾಹವಿರಲಿಲ್ಲ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಹೇಳಿತು: ಗ್ರಹವೆನಿಸಬೇಕಾದರೆ ಸೂರ್ಯನನ್ನು ಸುತ್ತಬೇಕು, ತನ್ನದೇ ಗುರುತ್ವದಿಂದ ದುಂಡಗಾಗಿರಬೇಕು, ತನ್ನ ಹಾದಿಯ ಸುತ್ತಮುತ್ತ ತನ್ನದೇ ಪ್ರಾಬಲ್ಯವಿರಬೇಕು. ಪ್ಲೂಟೊ ಸೋತದ್ದು ಮೂರನೆಯದರಲ್ಲಿ.

ರಾಹು ಕೇತು ಬಿಂದುಗಳಾದರೆ ಪಂಚಾಂಗದಲ್ಲಿ ಅವಕ್ಕೆ ಯಾಕೆ ಜಾಗ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಅತಿ ಇಷ್ಟದ ವಿಷಯ ಇದೇ. ಸೂರ್ಯನ ಹಾದಿಗೆ ಚಂದ್ರನ ಹಾದಿ ಸುಮಾರು 5 ಡಿಗ್ರಿ ಓರೆ. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಗ್ರಹಣವಿಲ್ಲ, ಈ ಬಿಂದುಗಳ ಹತ್ತಿರ ಬಂದಾಗ ಮಾತ್ರ. ಬಿಂದುಗಳೂ ಹಿಮ್ಮುಖವಾಗಿ ಜರುಗುತ್ತ 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ, ಅಂದರೆ ರಾಶಿಗೆ ಒಂದೂವರೆ ವರ್ಷ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಸೂರ್ಯ ಬಳೆಯಾಗಿ ಕಂಡಾಗ ಚಂದ್ರ ಇದ್ದದ್ದು ಕೇತುವಿನ ಹತ್ತಿರ.