ಬ್ರೇಕ್ ಪ್ಯಾಡ್ ಆರಿಸುವಾಗ ಮೊದಲು ನೋಡಬೇಕಾದ್ದು ಬಿಸಿ

ಪುಣೆಯಲ್ಲಿ ಆಟೊಮೊಬೈಲ್ ಓದುತ್ತಿರುವ, ಚಾಕಣ್ ಕಡೆ ಟ್ರೇನಿಯಾಗಿ ಸೇರಿರುವ ನಮ್ಮ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ: "ಅಣ್ಣಾ, ರೇಸ್ ಟ್ರ್ಯಾಕಿನ ಬ್ರೇಕ್ ಪ್ಯಾಡ್ ಹಾಕಿಸಿದ್ರೆ ಎಕ್ಸ್‌ಪ್ರೆಸ್‌ವೇಯಲ್ಲೂ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ ಅಲ್ವಾ?" ಹಾಗೇನಿಲ್ಲ. ಎಷ್ಟೋ ಸಲ ಉಲ್ಟಾ ಆಗುತ್ತದೆ.

ಬ್ರೇಕ್ ಒತ್ತಿದಾಗ ಗಾಡಿಯ ಚಲನಶಕ್ತಿ ಶಾಖವಾಗುತ್ತದೆ. 1,200 ಕೆ.ಜಿ. ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 460 ಕಿಲೋಜೂಲ್. 50ರಿಂದ ನಿಂತರೆ ಅದರ ಕಾಲು ಭಾಗ ಅಷ್ಟೇ, ಏಕೆಂದರೆ ಸೂತ್ರದಲ್ಲಿರುವುದು ವೇಗದ ವರ್ಗ. ದಾದರ್‌ನಲ್ಲೋ ಸ್ವಾರ್‌ಗೇಟಿನಲ್ಲೋ ತೆವಳುವ ಗಾಡಿಯ ಪ್ಯಾಡ್ ಅಷ್ಟಾಗಿ ಬಿಸಿಯಾಗುವುದೇ ಇಲ್ಲ. ಟ್ರ್ಯಾಕಿನಲ್ಲಿ ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ತಿರುವು ಬರುತ್ತದೆ. ಟ್ರ್ಯಾಕ್ ಪ್ಯಾಡ್ ಆ ಬಿಸಿಗೆಂದೇ ಮಾಡಿದ್ದು. ತಣ್ಣಗಿದ್ದಾಗ ಅದರ ಹಿಡಿತ ಕಡಿಮೆ, ಕಿರುಚಾಟ ಜಾಸ್ತಿ, ಪ್ಯಾಡ್ ಒತ್ತಿ ಹಿಡಿಯುವ ಚಕ್ರದ ಡಿಸ್ಕನ್ನೂ ಬೇಗ ಸವೆಸುತ್ತದೆ. ಸಿಗ್ನಲ್‌ನಲ್ಲಿ ದಿಢೀರ್ ಅಂತ ಬ್ರೇಕ್ ಹಾಕಬೇಕಾದಾಗ ಅದನ್ನು ಯಾರು ಬಿಸಿ ಮಾಡಿಕೊಡುತ್ತಾರೆ?

ನಾರು, ರಾಳ ಸೇರಿಸಿ ಮಾಡಿದ ಆರ್ಗಾನಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ತಣ್ಣಗಿದ್ದಾಗಲೂ ಹಿಡಿಯುತ್ತದೆ, ಬಿಸಿಗೆ ಬೇಗ ಸೋಲುತ್ತದೆ. ಲೋಹ ಬೆರೆತ ಸೆಮಿ-ಮೆಟಾಲಿಕ್ ಬಿಸಿ ತಡೆಯುತ್ತದೆ, ಜೊತೆಗೆ ಧೂಳು, ಸದ್ದು. ಸೆರಾಮಿಕ್ ಅಂದ ಕೂಡಲೇ ರೇಸಿನದು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಧೂಳು ಕಡಿಮೆ ಮಾಡಲೆಂದು ಬಂದ ರಸ್ತೆ ಪ್ಯಾಡ್‌ಗಳು.

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಜಾಸ್ತಿ ಬಿಸಿಯಲ್ಲಿನದು. 'ಇ' ಅಂದರೆ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. 'ಎಫ್‌ಇ' ಅಂತಿದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತ ಅರ್ಥ. ಆದರೆ ಈ ಅಕ್ಷರ ಕೊಡಲು ಮಾಡುವ ಪರೀಕ್ಷೆ ಟ್ರ್ಯಾಕಿನ ಬಿಸಿಯವರೆಗೆ ಹೋಗುವುದಿಲ್ಲ. 'ಜಿಜಿ' ನೋಡಿ ಮರುಳಾಗಬೇಡಿ. ಕಂಪನಿ ಕೊಡುವ ತಾಪಮಾನದ ಗ್ರಾಫ್ ಕೇಳಿ.

ಕಾಲೇಜಿನ ಪರೀಕ್ಷೆಯಲ್ಲೂ ಗ್ಯಾರೇಜಿನಲ್ಲೂ ಉಪಯೋಗಕ್ಕೆ ಬರುವ ಮಾತು ಒಂದಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಸೋತಿರುವುದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದ್ದಿರಬಹುದು: ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಬ್ರೇಕ್ ಆಯಿಲ್‌ಗೆ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ; ಮಾನದಂಡದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಈ ಆಯಿಲ್ ನೀರಿನಂಶ ಹೀರುತ್ತದೆ. ಹಾಗೆ ನೀರು ಸೇರಿದ ಡಾಟ್ 4ಕ್ಕೆ ಮಿತಿ ಬರೀ 155. ಮುಂಬೈ, ಗೋವಾದ ಗಾಳಿಯಲ್ಲಿ ವರ್ಷಗಟ್ಟಲೆ ಬಿಟ್ಟ ಆಯಿಲ್ ಇಟ್ಟುಕೊಂಡು ದುಬಾರಿ ಪ್ಯಾಡ್ ಹಾಕುವುದು ಸುಮ್ನೆ ದುಡ್ಡು ದಂಡ. ನನ್ನ ಪ್ರಕಾರ ಮೊದಲ ಖರ್ಚು ಆಯಿಲ್‌ಗೇ ಹೋಗಬೇಕು.

ವಾರಾಂತ್ಯಕ್ಕೆ ಖಂಡಾಲಾ ಘಾಟ್, ತಾಮ್ಹಿಣಿ ಅಷ್ಟೇ ಓಡಾಡುವವರಿಗೆ ಒಳ್ಳೆಯ ರಸ್ತೆ ಪ್ಯಾಡ್ ಸಾಕು. ಇಳಿಜಾರಿನಲ್ಲಿ ಕಡಿಮೆ ಗೇರ್ ಹಾಕಿ ಇಂಜಿನ್ನಿಗೂ ಕೆಲಸ ಕೊಡಿ. ವರ್ಷಕ್ಕೊಮ್ಮೆ ಕೊಯಮತ್ತೂರಿಗೋ ಚೆನ್ನೈಗೋ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸುವ ದಿನ) ಹೋಗುವವರು ಎರಡು ಸೆಟ್ ಇಟ್ಟುಕೊಳ್ಳುವುದು ವಾಸಿ. ಎರಡಕ್ಕೂ ಒಂದೇ ಪ್ಯಾಡ್ ಅಂತ ಮಾರುವವೂ ಇವೆ, ಆದರೆ ಎರಡೂ ಕಡೆ ಸ್ವಲ್ಪ ರಾಜಿ ಆಗಲೇಬೇಕು.

ಪ್ಯಾಡ್ ಬದಲಿಸಿದಾಗ ಖಾಲಿ ರಸ್ತೆಯಲ್ಲಿ ಬೆಡ್ಡಿಂಗ್ ಮಾಡಬೇಕು, ಅಂದರೆ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ವೇಗದಿಂದ ಹಲವು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ, ಆದರೆ ಪೂರ್ತಿ ನಿಲ್ಲಬೇಡಿ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಅಂಟಬೇಕು. ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಒಂದೇ ಕಡೆ ಕಲೆ ಕೂತು, ಆಮೇಲೆ ಸ್ಟೀರಿಂಗ್ ನಡುಗುತ್ತದೆ. ಬೇರೆ ಬೇರೆ ಮಿಶ್ರಣದ ಪದರಗಳು ಒಂದರ ಮೇಲೊಂದು ಸರಿಯಾಗಿ ಹೊಂದುವುದಿಲ್ಲ. ಅದಕ್ಕೇ ಕೈಯಲ್ಲಿ ಕಾಸಿದ್ದವರು ಟ್ರ್ಯಾಕ್ ಪ್ಯಾಡಿನ ಜೊತೆ ಬೇರೆ ಡಿಸ್ಕನ್ನೇ ಇಟ್ಟಿರುತ್ತಾರೆ.