ಹೊಸ ಮ್ಯಾನೇಜರ್ ಬಂದರು, ಬಡ್ತಿ ಯಾವಾಗ?

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಪ್ರೀಮಿಯರ್ ಲೀಗಿನ ಕೆಳಗಿನ ದರ್ಜೆಯಾದ ಚಾಂಪಿಯನ್‌ಷಿಪ್‌ನಲ್ಲಿ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ, ಬದಲಾದ ವಾರ ಅಭಿಮಾನಿಗಳು ಮೊದಲು ತೆರೆದು ನೋಡುವುದು ಅಂಕಪಟ್ಟಿಯನ್ನು. ಆರನೇ ಸ್ಥಾನಕ್ಕೆ ಎಷ್ಟು ಅಂಕ ಬೇಕು, ಎಷ್ಟು ಪಂದ್ಯ ಉಳಿದಿವೆ ಎಂದು ಲೆಕ್ಕ ಶುರುವಾಗುತ್ತದೆ. ಲೆಕ್ಕ ಹಾಕುವುದು ತಪ್ಪಲ್ಲ. ಅರ್ಧಕ್ಕೇ ನಿಲ್ಲಿಸುವುದು ತಪ್ಪು.

ಲೀಗಿನಲ್ಲಿ 24 ತಂಡಗಳು, ತಲಾ 46 ಪಂದ್ಯಗಳು. ಮೊದಲ ಎರಡು ತಂಡಗಳಿಗೆ ಪ್ರೀಮಿಯರ್ ಲೀಗಿಗೆ ನೇರ ಬಡ್ತಿ. 2024–25ರವರೆಗಿನ ಪದ್ಧತಿಯಲ್ಲಿ ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡಗಳು ಪ್ಲೇಆಫ್ ಆಡಿ, ಅವುಗಳಲ್ಲಿ ಒಂದು ಮೇಲೆ ಹೋಗುತ್ತಿತ್ತು. 2015–16ರಿಂದ 2024–25ರವರೆಗಿನ ಹತ್ತು ಋತುಗಳಲ್ಲಿ ಎರಡನೇ ಸ್ಥಾನದ ತಂಡ ಗಳಿಸಿದ್ದು 83ರಿಂದ 100 ಅಂಕ. ಒಂದು ವರ್ಷ ಬಿಟ್ಟರೆ ಉಳಿದೆಲ್ಲ ವರ್ಷ 88ಕ್ಕೆ ಕಡಿಮೆ ಇಲ್ಲ. ಆರನೇ ಸ್ಥಾನದ ತಂಡದ್ದು 68ರಿಂದ 80. ಮನಸ್ಸಿನಲ್ಲಿಟ್ಟುಕೊಳ್ಳಲು ಎರಡು ಸಂಖ್ಯೆ ಸಾಕು: ನೇರ ಬಡ್ತಿಗೆ ಪಂದ್ಯಕ್ಕೆ 2 ಅಂಕ, ಅಂದರೆ 92, ಪ್ಲೇಆಫ್‌ಗೆ ಪಂದ್ಯಕ್ಕೆ 1.6, ಅಂದರೆ ಹತ್ತಿರಹತ್ತಿರ 74. ಗೆಲುವಿಗೆ 3, ಡ್ರಾಗೆ 1 ಅಂಕದಂತೆ 92 ಅಂಕಕ್ಕೆ 27 ಗೆಲುವು, 11 ಡ್ರಾ ಬೇಕು. ಒಂಬತ್ತು ತಿಂಗಳಲ್ಲಿ ಸೋಲಬಹುದಾದದ್ದು ಎಂಟೇ ಪಂದ್ಯ.

ಈಗ 15 ಪಂದ್ಯ ಮುಗಿದು 18 ಅಂಕ ಇರುವಾಗ ಹೊಸಬರು ಬಂದರು ಎನ್ನಿ. ಉಳಿದದ್ದು 31 ಪಂದ್ಯ. 74 ಮುಟ್ಟಲು ಅವರು 56 ಅಂಕ ಗಳಿಸಬೇಕು, ಪಂದ್ಯಕ್ಕೆ 1.8. ಇದು ಕಷ್ಟ, ಆದರೆ ಆಗದ ಮಾತಲ್ಲ. 92 ಮುಟ್ಟಬೇಕಾದರೆ ಪಂದ್ಯಕ್ಕೆ 2.39 ಬೇಕು. ಅದೇ ವೇಗದಲ್ಲಿ ಪೂರ್ತಿ ಋತು ಆಡಿದರೆ 110 ಅಂಕದ ಹತ್ತಿರ ಬರುತ್ತದೆ. 2005–06ರಲ್ಲಿ ರೆಡಿಂಗ್ ಮಾಡಿದ ದಾಖಲೆಯೇ 106. ಹಾಗಾಗಿ ನವೆಂಬರ್‌ನಲ್ಲಿ ಬಂದ ಮ್ಯಾನೇಜರ್ ಕಡೆಯಿಂದ ಮೊದಲ ಎರಡು ಸ್ಥಾನ ನಿರೀಕ್ಷಿಸುವುದು ಅವರಿಗೂ ಆಟಗಾರರಿಗೂ ಮಾಡುವ ಅನ್ಯಾಯ. ಪ್ಲೇಆಫ್ ಕೇಳುವುದು ನ್ಯಾಯ.

ಹಾಗೆ ಕೇಳಿ ಪಡೆದವರೂ ಇದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಸ್ಟೀವ್ ಕೂಪರ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದಾಗ ತಂಡದ ಗಳಿಕೆ 8 ಪಂದ್ಯಗಳಿಂದ 4 ಅಂಕ. ಉಳಿದ 38 ಪಂದ್ಯಗಳಲ್ಲಿ 76 ಅಂಕ ಬಂತು, ಸರಿಯಾಗಿ ಪಂದ್ಯಕ್ಕೆ ಎರಡು. 80 ಅಂಕಗಳೊಂದಿಗೆ ನಾಲ್ಕನೇ ಸ್ಥಾನ, ವೆಂಬ್ಲಿ ಕ್ರೀಡಾಂಗಣದ ಪ್ಲೇಆಫ್ ಫೈನಲ್‌ನಲ್ಲಿ ಹಡರ್ಸ್‌ಫೀಲ್ಡ್ ವಿರುದ್ಧ 1–0, ಬಡ್ತಿ. ಈ ಕಥೆಯನ್ನು ಪ್ರತಿ ಕ್ಲಬ್ಬಿನ ಅಭಿಮಾನಿಯೂ ತನ್ನ ತಂಡಕ್ಕೆ ಅನ್ವಯಿಸಿಕೊಳ್ಳುತ್ತಾನೆ. ಆದರೆ ಆ ತಂಡದಲ್ಲಿ ಆಗ ಯಾರಿದ್ದರು ನೋಡಿ: ಬಲಬದಿಯಲ್ಲಿ ಜೆಡ್ ಸ್ಪೆನ್ಸ್, ನಡುವೆ ಜೇಮ್ಸ್ ಗಾರ್ನರ್, ಮುಂದೆ ಬ್ರೆನನ್ ಜಾನ್ಸನ್. ಮೊದಲಿಬ್ಬರು ಲೋನ್ ಮೇಲೆ, ಅಂದರೆ ಬೇರೆ ಕ್ಲಬ್ಬಿನಿಂದ ಎರವಲಾಗಿ ಬಂದವರು, ಮೂರನೆಯವನು ಅಲ್ಲೇ ಬೆಳೆದ ಹುಡುಗ. ಅಂಕಪಟ್ಟಿಯ ತಳದಲ್ಲಿದ್ದ ಆ ತಂಡ ತಳದ ಗುಣಮಟ್ಟದ್ದಾಗಿರಲಿಲ್ಲ. ಮ್ಯಾನೇಜರ್ ಬದಲಾದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮ ತಂಡ ಇರುವ ಸ್ಥಾನ ಅದರ ಯೋಗ್ಯತೆಗೆ ತಕ್ಕದ್ದೇ, ಅಥವಾ ಅದಕ್ಕಿಂತ ಕೆಳಗಿದೆಯೇ?

ಉತ್ತರ ಸಿಗುವುದು ಗೋಲುಗಳಿಗಿಂತ ಹೆಚ್ಚಾಗಿ ಎಕ್ಸ್‌ಜಿಯಲ್ಲಿ, ಅಂದರೆ ಎಕ್ಸ್‌ಪೆಕ್ಟೆಡ್ ಗೋಲ್ಸ್‌ನಲ್ಲಿ (ನಿರೀಕ್ಷಿತ ಗೋಲು). ಪ್ರತಿ ಶಾಟ್ ಎಲ್ಲಿಂದ, ಹೇಗೆ ಬಂತು ಎಂಬುದನ್ನು ನೋಡಿ ಅದು ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರೊಳಗೆ ಅಳೆಯುವ ಕ್ರಮ ಅದು. ಒಂದು ಪೆನಾಲ್ಟಿಗೆ ಸುಮಾರು 0.78 ಬರುತ್ತದೆ. ಪೆನಾಲ್ಟಿಗಳನ್ನು ಬಿಟ್ಟು, ತಾನು ಸೃಷ್ಟಿಸಿದ ಎಕ್ಸ್‌ಜಿಯಿಂದ ಎದುರಾಳಿಗೆ ಕೊಟ್ಟ ಎಕ್ಸ್‌ಜಿ ಕಳೆಯಿರಿ. ಹಳೆಯ ಮ್ಯಾನೇಜರ್ ಕಾಲದಲ್ಲೇ ಈ ವ್ಯತ್ಯಾಸ ಸೊನ್ನೆಗಿಂತ ಮೇಲಿದ್ದು ಅಂಕ ಮಾತ್ರ ಬರದಿದ್ದರೆ, ಹೊಸಬರು ಏನೂ ಮಾಡದಿದ್ದರೂ ಫಲಿತಾಂಶ ಸುಧಾರಿಸುವ ಸಾಧ್ಯತೆ ಹೆಚ್ಚು. ವ್ಯತ್ಯಾಸ ಪಂದ್ಯಕ್ಕೆ ಮೈನಸ್ 0.5 ಇದ್ದರೆ ದುರಸ್ತಿಯ ಕೆಲಸ ಬಹಳಷ್ಟಿದೆ, ಆರು ವಾರದಲ್ಲಿ ಮುಗಿಯುವುದಿಲ್ಲ.

ಮೊದಲ ನಾಲ್ಕೈದು ಪಂದ್ಯಗಳ ಉಬ್ಬರಕ್ಕೆ ಮರುಳಾಗಬಾರದು ಎನ್ನಲು ಕಾರಣವೂ ಇಲ್ಲೇ ಇದೆ. ಮ್ಯಾನೇಜರನ್ನು ಕ್ಲಬ್ಬುಗಳು ತೆಗೆಯುವುದು ಸಾಲುಸಾಲು ಸೋಲಿನ ನಂತರ. ಆ ಸೋಲುಗಳಲ್ಲಿ ಒಂದಷ್ಟು ದುರದೃಷ್ಟವೂ ಸೇರಿರುತ್ತದೆ: ಕಂಬಕ್ಕೆ ತಾಗಿದ ಚೆಂಡು, ಒಟ್ಟಿಗೆ ಗಾಯಗೊಂಡ ಇಬ್ಬರು ಸೆಂಟರ್‌ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು), ಬಲಿಷ್ಠ ತಂಡಗಳ ವಿರುದ್ಧ ಬೆನ್ನಿಗೆ ಬೆನ್ನು ಬಂದ ಪಂದ್ಯಗಳು. ಯಾರು ಬಂದರೂ ಅದು ಕ್ರಮೇಣ ಸರಿಹೋಗುತ್ತದೆ. ನೆದರ್ಲೆಂಡ್ಸ್ ಲೀಗಿನ ಹಲವು ವರ್ಷಗಳ ಫಲಿತಾಂಶ ಹೋಲಿಸಿದ ಅಧ್ಯಯನವೊಂದು ಇದನ್ನೇ ಹೇಳಿತು: ಅಷ್ಟೇ ಕೆಟ್ಟ ಹಂತದಲ್ಲಿದ್ದೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು.

ಹಾಗಾದರೆ ಮ್ಯಾನೇಜರ್‌ನ ಕೆಲಸ ಕಾಣುವುದೆಲ್ಲಿ? ತರಬೇತಿ ಮೈದಾನದಲ್ಲಿ. ಅಲ್ಲಿ ಅವರಿಗೆ ಸಿಗುವ ಸಮಯ ಎಷ್ಟು ಕಡಿಮೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಶನಿವಾರ, ಮಂಗಳವಾರ, ಮತ್ತೆ ಶನಿವಾರ ಪಂದ್ಯವಿರುವ ವಾರವನ್ನೇ ತೆಗೆದುಕೊಳ್ಳಿ. ಚಾಂಪಿಯನ್‌ಷಿಪ್‌ನಲ್ಲಿ ಇಂಥ ವಾರಗಳು ಹೇರಳ. ಭಾನುವಾರ ಒಂದು ಗಂಟೆಗಿಂತ ಹೆಚ್ಚು ಆಡಿದವರಿಗೆ ಸೈಕಲ್, ಈಜುಕೊಳ, ಮಸಾಜ್ ಅಷ್ಟೇ. ಮೈದಾನಕ್ಕೆ ಇಳಿಯುವವರು ಬೆಂಚಿನಲ್ಲಿ ಕೂತಿದ್ದವರು. ಸೋಮವಾರ ಅರ್ಧ ಗಂಟೆ ನಡೆದಾಡುತ್ತ ಎದುರಾಳಿಯ ಆಟದ ಪರಿಚಯ, ಒಂದಷ್ಟು ಕಾರ್ನರ್. ಮಂಗಳವಾರ ರಾತ್ರಿ ಪಂದ್ಯ. ಹೊರ ಊರಿನಲ್ಲಿ ಆಡಿದರೆ ಬಸ್ಸು ಮರಳುವಷ್ಟರಲ್ಲಿ ಬೆಳಗಿನ ಜಾವ. ಬುಧವಾರ ಮತ್ತೆ ವಿಶ್ರಾಂತಿ. ಗುರುವಾರ ಒಂದು ಗಂಟೆಯೋ ಒಂದೂಕಾಲು ಗಂಟೆಯೋ ನಿಜವಾದ ಅಭ್ಯಾಸ. ಶುಕ್ರವಾರ ಮತ್ತೆ ಹಗುರ. ಅಂದರೆ ಪೂರ್ತಿ ತಂಡ, ಪೂರ್ತಿ ವೇಗದಲ್ಲಿ ಹೊಸದೊಂದನ್ನು ಕಲಿಯಲು ವಾರಕ್ಕೆ ಒಂದೇ ದಿನ. ಬೇಸಿಗೆಯ ಆರು ವಾರಗಳ ಪೂರ್ವಸಿದ್ಧತೆಯಲ್ಲಿ ಅಂಥ ಸುಮಾರು 24 ದಿನ ಸಿಗುತ್ತವೆ. ಒಂದು ಬೇಸಿಗೆ ಕೊಟ್ಟಷ್ಟು ಕಲಿಕೆಯನ್ನು ಋತುವಿನ ನಡುವೆ ಬಂದವರು ಗಳಿಸಲು ಐದು ತಿಂಗಳಿಗೂ ಹೆಚ್ಚು ಬೇಕು.

ಲೂಟನ್ ಟೌನ್ ಇಲ್ಲಿ ಒಳ್ಳೆಯ ಉದಾಹರಣೆ. 2022ರ ನವೆಂಬರ್ 17ರಂದು ರಾಬ್ ಎಡ್ವರ್ಡ್ಸ್ ನೇಮಕವಾದಾಗ ಕತಾರ್ ವಿಶ್ವಕಪ್‌ಗಾಗಿ ಲೀಗ್ ನಿಂತಿತ್ತು. ಮೊದಲ ಪಂದ್ಯ ಬಂದದ್ದು ಡಿಸೆಂಬರ್ 10ಕ್ಕೆ. ಋತುವಿನ ಮಧ್ಯದಲ್ಲಿ ಮೂರು ವಾರ ಬಿಡುವಾಗಿ ಸಿಗುವುದು ಅಪರೂಪದ ಅದೃಷ್ಟ. ಮೇಲಾಗಿ ಅವರು ಹಿಂದಿನ ಮ್ಯಾನೇಜರ್ ಕಟ್ಟಿದ್ದ ನೇರ, ಬಿರುಸಿನ ಆಟವನ್ನು ಕೆಡವದೆ ಅದರ ಮೇಲೇ ಕಟ್ಟಿದರು. 80 ಅಂಕ, ಮೂರನೇ ಸ್ಥಾನ, ಕವೆಂಟ್ರಿ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಬಡ್ತಿ.

ಯಾವುದು ಬೇಗ ಸರಿಹೋಗುತ್ತದೆ, ಯಾವುದು ತಡ ಎಂಬುದಕ್ಕೂ ಒಂದು ಕ್ರಮವಿದೆ. ಕಾರ್ನರ್ ಮತ್ತು ಫ್ರೀಕಿಕ್ ರಕ್ಷಣೆ ಎರಡು ಅಭ್ಯಾಸದಲ್ಲೇ ಬಿಗಿಯಾಗಬಹುದು. ಹಿಂದೆ ಸರಿದು, ಸಾಲುಗಳ ನಡುವೆ ಜಾಗ ಕೊಡದೆ ನಿಲ್ಲುವುದನ್ನು ಎರಡು ಮೂರು ವಾರದಲ್ಲಿ ಕಲಿಸಬಹುದು. ಮೊದಲ ತಿಂಗಳು ಗೋಲು ಬಿಟ್ಟುಕೊಡುವುದು ಕಡಿಮೆಯಾಗುವುದಕ್ಕೆ ಬಹುತೇಕ ಇವೆರಡೇ ಕಾರಣ. ಎದುರಾಳಿಯ ಗೋಲಿನ ಹತ್ತಿರವೇ ನುಗ್ಗಿ ಚೆಂಡು ಕಸಿಯುವ ಎತ್ತರದ ಪ್ರೆಸ್ಸಿಂಗ್‌ಗೆ ಎರಡು ತಿಂಗಳಾದರೂ ಬೇಕು. ಎಲ್ಲಕ್ಕಿಂತ ತಡ ಆಗುವುದು ಗೋಲ್‌ಕೀಪರ್‌ನಿಂದ ಶುರುವಾಗುವ ಸಣ್ಣ ಪಾಸುಗಳ ಆಟ.

ಪ್ರೆಸ್ಸಿಂಗ್ ಕೈಕೊಡುವುದು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ. ಎದುರಾಳಿಯ ಸೆಂಟರ್‌ಬ್ಯಾಕ್ ತನ್ನ ಫುಲ್‌ಬ್ಯಾಕ್‌ಗೆ (ಬದಿಯ ಡಿಫೆಂಡರ್‌ಗೆ) ಪಾಸ್ ಕೊಡುತ್ತಾನೆ, ಅವನು ತನ್ನದೇ ಗೋಲಿನ ಕಡೆ ಮುಖ ಮಾಡಿ ಚೆಂಡು ತೆಗೆದುಕೊಳ್ಳುತ್ತಾನೆ. ನುಗ್ಗಲು ಇದೇ ಸಂಕೇತ. ನಮ್ಮ ವಿಂಗರ್ (ಬದಿಯ ದಾಳಿಗಾರ) ನುಗ್ಗಿದ, ಸ್ಟ್ರೈಕರ್ ವಾಪಸ್ ಪಾಸಿನ ದಾರಿ ಮುಚ್ಚಿದ. ಆದರೆ ಹಿಂದಿನ ಮಿಡ್‌ಫೀಲ್ಡರ್ ಅರ್ಧ ಸೆಕೆಂಡ್ ತಡವಾಗಿ ಹೊರಟರೆ, ಮುಂದಿನ ಸಾಲಿಗೂ ಅವನಿಗೂ ನಡುವೆ ಇಪ್ಪತ್ತು ಮೀಟರ್ ಬಯಲು ಬೀಳುತ್ತದೆ. ಎದುರಾಳಿಯ ಮಿಡ್‌ಫೀಲ್ಡರ್ ಅಲ್ಲಿ ಚೆಂಡು ಪಡೆದು ತಿರುಗಿಬಿಟ್ಟರೆ ಡಿಫೆನ್ಸ್ ಓಡುತ್ತ ಹಿಂದೆ ಬರಬೇಕು. ಸ್ಟ್ಯಾಂಡಿನಲ್ಲಿ ಕೂತವರು ಬೈಯುವುದು ಕೊನೆಗೆ ಸೋತ ಸೆಂಟರ್‌ಬ್ಯಾಕ್‌ನನ್ನು. ತಪ್ಪು ನಡೆದದ್ದು ನಲವತ್ತು ಮೀಟರ್ ಮುಂದೆ. ಮುಂದಿನ ಪಂದ್ಯದಲ್ಲಿ ಚೆಂಡು ಬಿಟ್ಟು ಆ ಮಿಡ್‌ಫೀಲ್ಡರ್‌ನ ಮೇಲೆ ಹತ್ತು ನಿಮಿಷ ಕಣ್ಣಿಡಿ. ಅವನು ವಿಂಗರ್ ಜೊತೆಯಲ್ಲೇ ಹೆಜ್ಜೆ ಕಿತ್ತರೆ ತರಬೇತಿ ಮೈಗೂಡುತ್ತಿದೆ ಎಂದು ತಿಳಿಯಿರಿ.

ಗೋಲ್‌ಕೀಪರ್ ಪಕ್ಕದವನಿಗೆ ಪಾಸ್ ಕೊಟ್ಟಾಗ ಮೈದಾನದಲ್ಲಿ ಏಳುವ ಗೊಣಗಾಟದ ಬಗ್ಗೆಯೂ ಒಂದು ಮಾತು. ಆ ಪಾಸಿನ ಉದ್ದೇಶ ಎದುರಾಳಿಯ ಮುಂದಿನ ಸಾಲನ್ನು ಹತ್ತಿರ ಸೆಳೆಯುವುದು, ಸೆಳೆದ ಮೇಲೆ ಅವರ ಬೆನ್ನ ಹಿಂದೆ ಬಿಡುವಾದ ಆಟಗಾರನಿಗೆ ಮೂರನೆಯವನ ಮೂಲಕ ಚೆಂಡು ತಲುಪಿಸುವುದು. ಸೆಳೆಯುವುದು ಮಾತ್ರ ಆಗಿ, ತಲುಪಿಸುವುದು ಆಗದಿದ್ದರೆ ಗೊಣಗಲು ಕಾರಣವಿದೆ. ಪಂದ್ಯದಲ್ಲಿ ಹತ್ತು ಸಲ ಹಾಗೆ ಶುರು ಮಾಡಿ ನಾಲ್ಕೈದು ಸಲ ಮಧ್ಯರೇಖೆ ದಾಟಿದರೂ ಅದು ಬೆಳೆಯುತ್ತಿರುವ ತಂಡ. ಸಿಳ್ಳೆ ಹಾಕಿದರೆ ಇಪ್ಪತ್ತರ ಹರೆಯದ ಡಿಫೆಂಡರ್ ಮುಂದಿನ ಬಾರಿ ಕಣ್ಣುಮುಚ್ಚಿ ಉದ್ದಕ್ಕೆ ಒದೆಯುತ್ತಾನೆ, ಮ್ಯಾನೇಜರ್ ವಾರವಿಡೀ ಕಲಿಸಿದ್ದು ಹೋಯಿತು. ಅಭಿಮಾನಿಗಳ ಕೈಯಲ್ಲಿ ನಿಜವಾಗಿ ಇರುವ ಶಕ್ತಿ ಇದು.

ಹಣದ ಮಾತು ಚಿಕ್ಕದಾಗಿ. ಪ್ರೀಮಿಯರ್ ಲೀಗಿನಿಂದ ಇಳಿದ ಕ್ಲಬ್ಬಿಗೆ ಅಲ್ಲಿನ ಸಮಪಾಲಿನ ಪ್ರಸಾರ ಹಣದಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20 ಸಿಗುತ್ತದೆ. ಒಂದೇ ಋತು ಅಲ್ಲಿದ್ದವರಿಗೆ ಮೂರನೇ ವರ್ಷದ್ದಿಲ್ಲ. 2022–23ರಲ್ಲಿ ವಿನ್ಸೆಂಟ್ ಕೊಂಪನಿಯ ಬರ್ನ್‌ಲಿ 101 ಅಂಕ, 2023–24ರಲ್ಲಿ ಎಂಜೊ ಮರೆಸ್ಕಾ ಅವರ ಲೆಸ್ಟರ್ 97 ಅಂಕ ಗಳಿಸಿದ್ದು ಹೊಸ ಮ್ಯಾನೇಜರ್‌ಗಳ ಮೊದಲ ಋತುವಿನಲ್ಲೇ. ಎರಡೂ ಆಗಷ್ಟೇ ಮೇಲಿನಿಂದ ಇಳಿದ ಕ್ಲಬ್ಬುಗಳು, ಎರಡಕ್ಕೂ ಪೂರ್ತಿ ಬೇಸಿಗೆ ಸಿಕ್ಕಿತ್ತು. ಆ ಹಣವಿಲ್ಲದ ಕ್ಲಬ್ಬು ಅದೇ ವೇಗವನ್ನು ತನ್ನ ಮ್ಯಾನೇಜರ್‌ನಿಂದ ಬಯಸಬಾರದು. ನಷ್ಟಕ್ಕೂ ಮಿತಿ ಇತ್ತು: 2024–25ರ ನಿಯಮದಂತೆ ಮೂರೂ ವರ್ಷ ಚಾಂಪಿಯನ್‌ಷಿಪ್‌ನಲ್ಲೇ ಇದ್ದ ಕ್ಲಬ್ಬಿಗೆ ಒಟ್ಟು 3.9 ಕೋಟಿ ಪೌಂಡ್. ಜನವರಿಯಲ್ಲಿ ನಾಲ್ವರನ್ನು ಕೊಂಡುಕೊಳ್ಳಿ ಎಂದು ಕೂಗುವ ಮೊದಲು ಕ್ಲಬ್ಬಿನ ಲೆಕ್ಕಪತ್ರ ನೋಡುವುದು ಒಳ್ಳೆಯದು. ಬಹಳ ಸಲ ಹೊಸಬರಿಗೆ ಸಿಗುವುದು ಒಬ್ಬಿಬ್ಬರು ಲೋನ್ ಆಟಗಾರರು ಅಷ್ಟೇ. ಆಗ ಹಿಂದಿನವರ ಶೈಲಿಗೆ ತಂದ ಆಟಗಾರರನ್ನೇ ಹೊಂದಿಸಿಕೊಳ್ಳಬೇಕು. ಮೂವರು ಡಿಫೆಂಡರ್‌ಗಳ ಆಟಕ್ಕೆ ಬೇಕಾದ ವಿಂಗ್‌ಬ್ಯಾಕ್‌ಗಳನ್ನು ಕೂಡಿಸಿಟ್ಟ ಕ್ಲಬ್ಬು ನಾಲ್ಕು ಡಿಫೆಂಡರ್‌ಗಳ ಆಟಕ್ಕೆ ಹೆಸರಾದವರನ್ನು ಕರೆತಂದರೆ ಎಡವಟ್ಟು ನೇಮಕದ ದಿನವೇ ಆಗಿರುತ್ತದೆ.

ಹತ್ತು ಪಂದ್ಯವಾದ ಮೇಲೆ ಒಮ್ಮೆ ಕೂತು ನೋಡಿ. ಎಕ್ಸ್‌ಜಿ ವ್ಯತ್ಯಾಸ ಮೇಲೇರಿದೆಯೇ? ಆ ಹತ್ತರಲ್ಲಿ ಎಷ್ಟು ತವರಿನವು, ಎದುರಾಳಿಗಳ ಸರಾಸರಿ ಸ್ಥಾನವೇನು? ಚೆಂಡು ಕಳೆದುಕೊಂಡ ಬೆನ್ನಿಗೇ ಎದುರಾಳಿ ಹೊಡೆಯುವ ಶಾಟ್‌ಗಳು ಕಡಿಮೆಯಾಗಿವೆಯೇ? ಈ ಕೊನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ದಾಳಿಯಲ್ಲಿರುವಾಗಲೇ ಹಿಂದೆ ಮೂವರು, ಅವರ ಮುಂದೆ ಇಬ್ಬರು ಸರಿಯಾದ ಜಾಗದಲ್ಲಿ ನಿಂತಿರುವುದು ಅದೃಷ್ಟದಿಂದ ಆಗುವುದಲ್ಲ, ಕಲಿಸಿದರೆ ಮಾತ್ರ ಬರುವುದು. ಇವು ಸುಧಾರಿಸಿ ಅಂಕ ಬರದಿದ್ದರೆ ಕಾಯಬೇಕು. ಅಂಕ ಬಂದು ಇವು ಕುಸಿದಿದ್ದರೆ ಚಿಂತಿಸಬೇಕು.

ಕಾದವರಿಗೆ ಫಲ ಸಿಕ್ಕ ಉದಾಹರಣೆಗಳು ಬೇಕಷ್ಟಿವೆ. ಡೇನಿಯಲ್ ಫಾರ್ಕೆ ನಾರ್ವಿಚ್‌ನಲ್ಲಿ ಮೊದಲ ಋತು ಮುಗಿಸಿದ್ದು 14ನೇ ಸ್ಥಾನದಲ್ಲಿ. ಮರುವರ್ಷ 94 ಅಂಕದೊಂದಿಗೆ ಚಾಂಪಿಯನ್. ಬ್ರೆಂಟ್‌ಫರ್ಡ್‌ನಲ್ಲಿ ಥಾಮಸ್ ಫ್ರಾಂಕ್ ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಸೋತರು. ಅಭಿಮಾನಿಗಳ ಮತ ಕೇಳಿದ್ದರೆ ಅಂದೇ ಹೋಗಬೇಕಿತ್ತು. ಕ್ಲಬ್ಬು ಉಳಿಸಿಕೊಂಡಿತು, 2020ರ ಪ್ಲೇಆಫ್ ಫೈನಲ್ ಸೋತಾಗಲೂ ಉಳಿಸಿಕೊಂಡಿತು, 2021ರಲ್ಲಿ ಮೇಲೆ ಹೋಯಿತು.

ಪ್ಲೇಆಫ್ ಎಂಬುದು ಬೇರೆಯದೇ ಆಟ. 2024–25ರಲ್ಲಿ ಶೆಫೀಲ್ಡ್ ಯುನೈಟೆಡ್ 90 ಅಂಕ, ರೆಜಿಸ್ ಲೆ ಬ್ರಿ ಅವರ ಸಂಡರ್‌ಲ್ಯಾಂಡ್ 76. ಸಂಡರ್‌ಲ್ಯಾಂಡ್ ಲೀಗಿನ ಕೊನೆಯ ಐದೂ ಪಂದ್ಯ ಸೋತು ಪ್ಲೇಆಫ್‌ಗೆ ಬಂದಿತ್ತು. ವೆಂಬ್ಲಿಯಲ್ಲಿ 2–1ರಿಂದ ಗೆದ್ದದ್ದು ಅದೇ.

ಇನ್ನು ಬ್ರೈಟನ್. 2014ರ ಡಿಸೆಂಬರ್ 31ರಂದು ಕ್ರಿಸ್ ಹ್ಯೂಟನ್ ಬಂದಾಗ ತಂಡ ಹಿಂಬಡ್ತಿಯ ಅಂಚಿನಲ್ಲಿತ್ತು. ಆ ಋತುವನ್ನು 20ನೇ ಸ್ಥಾನದಲ್ಲಿ ಮುಗಿಸಿತು. ಮುಂದಿನ ಋತುವಿನಲ್ಲಿ 89 ಅಂಕ. ಮಿಡಲ್ಸ್‌ಬರೊ ಕೂಡ 89. ಕೊನೆಯ ದಿನ ಅವೆರಡೇ ಮುಖಾಮುಖಿಯಾಗಿ 1–1 ಡ್ರಾ ಆಯಿತು. ಗೋಲ್ ವ್ಯತ್ಯಾಸ 32 ಇದ್ದ ಮಿಡಲ್ಸ್‌ಬರೊ ಮೇಲೆ ಹೋಯಿತು, 30 ಇದ್ದ ಬ್ರೈಟನ್ ಪ್ಲೇಆಫ್‌ನಲ್ಲಿ ಶೆಫೀಲ್ಡ್ ವೆನ್ಸ್‌ಡೇಗೆ ಸೋತಿತು. ಆ ಬೇಸಿಗೆಯಲ್ಲಿ ಕ್ಲಬ್ಬು ಮ್ಯಾನೇಜರನ್ನು ಮುಟ್ಟಲಿಲ್ಲ, ಆಟದ ಚೌಕಟ್ಟನ್ನೂ ಮುಟ್ಟಲಿಲ್ಲ. ಗೋಲು ಹೊಡೆಯಲು ಗ್ಲೆನ್ ಮರ್ರೆಯನ್ನು, ಡಿಫೆನ್ಸ್‌ಗೆ ಶೇನ್ ಡಫಿಯನ್ನು ತಂದಿತು. ಮರ್ರೆ ಲೀಗಿನಲ್ಲಿ 23 ಗೋಲು ಹೊಡೆದರು. 2017ರ ಏಪ್ರಿಲ್ 17ರಂದು ವಿಗಾನ್ ವಿರುದ್ಧ 2–1ರಿಂದ ಗೆದ್ದ ದಿನ ಬಡ್ತಿ ಖಚಿತವಾಯಿತು. ಹ್ಯೂಟನ್ ಬಂದು ಎರಡು ವರ್ಷ ಮೂರೂವರೆ ತಿಂಗಳಾಗಿತ್ತು.