ಚೆಕ್ಕಿನ ಹಿಂದೆ ಹಾಕಿದ ಸಹಿ

1938ರ ಮಾರ್ಚ್ 1ರಂದು ನ್ಯೂಯಾರ್ಕಿನ ಒಂದು ಕಾಮಿಕ್ಸ್ ಕಂಪನಿ 412 ಡಾಲರಿನ ಚೆಕ್ ಬರೆಯಿತು. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರಿಗೆ ಸಲ್ಲಬೇಕಾದ ಹಣ ಅದು. ಕತೆ ಬರೆಯುವವನು ಜೆರ್ರಿ ಸೀಗೆಲ್, ಚಿತ್ರ ಬಿಡಿಸುವವನು ಜೋ ಶುಸ್ಟರ್. ಇಬ್ಬರಿಗೂ 23 ವರ್ಷ. ಯಾವ ಕೆಲಸಕ್ಕೆ ಎಷ್ಟು ಅಂತ ಚೆಕ್ಕಿನ ಮೇಲೇ ಲೆಕ್ಕ ಬರೆದಿದ್ದರು. ಅದರಲ್ಲಿ ಸೂಪರ್‌ಮ್ಯಾನ್‌ಗೆ 130 ಡಾಲರ್. ಪುಟಕ್ಕೆ 10ರಂತೆ 13 ಪುಟ. ಉಳಿದದ್ದು ಬೇರೆ ಸಂಚಿಕೆಗಳಿಗೆ ಮಾಡಿಕೊಟ್ಟ ಮಾಮೂಲಿ ಕೆಲಸದ ದುಡ್ಡು.

ಚೆಕ್ ಬರೆದವರು ಇಬ್ಬರ ಹೆಸರಿನ ಸ್ಪೆಲ್ಲಿಂಗನ್ನೂ ತಪ್ಪಾಗಿ ಬರೆದಿದ್ದರು. ಹಾಗಾಗಿ ಹಿಂಬದಿಯಲ್ಲಿ ಇಬ್ಬರೂ ಎರಡೆರಡು ಸಲ ಸಹಿ ಹಾಕಬೇಕಾಯಿತು, ತಪ್ಪು ಹೆಸರಲ್ಲಿ ಒಮ್ಮೆ, ಸರಿ ಹೆಸರಲ್ಲಿ ಒಮ್ಮೆ. ಆ 130 ಡಾಲರಿಗೆ 13 ಪುಟದ ಜೊತೆ ಸೂಪರ್‌ಮ್ಯಾನ್‌ನ ಎಲ್ಲ ಹಕ್ಕೂ ಕಂಪನಿಗೆ ಹೋಯಿತು. 2012ರಲ್ಲಿ ಆ ಹಳೇ ಚೆಕ್ಕೇ ಹರಾಜಿನಲ್ಲಿ 1,60,000 ಡಾಲರಿಗೆ ಮಾರಾಟವಾಯಿತು.

ಪಾತ್ರ ಯಾರದ್ದು, ಬಿಡಿಸಿದವನದೋ ಕಂಪನಿಯದೋ ಎಂಬ ಈ ಜಗಳ ಸೂಪರ್‌ಮ್ಯಾನ್‌ನಿಂದ ಶುರುವಾದದ್ದಲ್ಲ. ಅಮೆರಿಕದಲ್ಲಿ ಕಾಮಿಕ್ಸ್ ಹುಟ್ಟಿದಾಗಲೇ ಇದೂ ಹುಟ್ಟಿತ್ತು. 1895ರಲ್ಲಿ ರಿಚರ್ಡ್ ಔಟ್‌ಕಾಲ್ಟ್ ಪುಲಿಟ್ಜರ್‌ನ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಬೋಳುತಲೆಯ, ದೊಡ್ಡ ಕಿವಿಯ ಒಬ್ಬ ಕೊಳೆಗೇರಿ ಹುಡುಗನನ್ನು ಬಿಡಿಸುತ್ತಿದ್ದ. ಹಳದಿ ನಿಲುವಂಗಿ ತೊಟ್ಟ ಆ ಹುಡುಗ 'ಯೆಲ್ಲೋ ಕಿಡ್' ಆದ, ಊರಿಗೇ ಹುಚ್ಚು ಹಿಡಿಸಿದ. ಮರುವರ್ಷ ಎದುರಾಳಿ ಪತ್ರಿಕೆಯ ಮಾಲೀಕ ಹರ್ಸ್ಟ್ ಜಾಸ್ತಿ ಸಂಬಳ ಕೊಟ್ಟು ಔಟ್‌ಕಾಲ್ಟ್‌ನನ್ನು ತನ್ನ ಪತ್ರಿಕೆಗೆ ಎಳೆದುಕೊಂಡ. ಪುಲಿಟ್ಜರ್ ಸುಮ್ಮನಿರುತ್ತಾನೆಯೇ? ಜಾರ್ಜ್ ಲಕ್ಸ್ ಎಂಬ ಇನ್ನೊಬ್ಬ ಚಿತ್ರಕಾರನಿಂದ ಅದೇ ಹುಡುಗನನ್ನು ಬಿಡಿಸಿದ. ಹೀಗೆ ಒಂದೇ ಹುಡುಗ ಎರಡು ಪತ್ರಿಕೆಯಲ್ಲಿ ಏಕಕಾಲಕ್ಕೆ ಓಡಾಡಿದ. ಇಬ್ಬರೂ ಒಬ್ಬರನ್ನೊಬ್ಬರು ತಡೆಯಲಾಗಲಿಲ್ಲ.

ಔಟ್‌ಕಾಲ್ಟ್ ಮುಂದೆ 'ಬಸ್ಟರ್ ಬ್ರೌನ್' ಎಂಬ ತುಂಟನನ್ನು ಮಾಡಿದ. ಈ ಸಲ ಆತ ಜಾಣನಾಗಿದ್ದ. 1904ರಲ್ಲಿ ಸೇಂಟ್ ಲೂಯಿಸ್‌ನ ವಿಶ್ವ ಮೇಳದಲ್ಲಿ ಕೂತು ಬಸ್ಟರ್‌ನ ಹೆಸರು ಬಳಸುವ ಹಕ್ಕನ್ನು ಕಂಡಕಂಡ ಕಂಪನಿಗೆ ಮಾರಿದ. ಶೂ ಕಂಪನಿ ಕೂಡ ಕೊಂಡಿತು. ಆದರೆ 1906ರಲ್ಲಿ ಪತ್ರಿಕೆ ಬದಲಿಸಿದಾಗ ಕೋರ್ಟು ಒಂದು ವಿಚಿತ್ರ ಪಾಲು ಮಾಡಿಕೊಟ್ಟಿತು. ಶೀರ್ಷಿಕೆ ಹಳೇ ಪತ್ರಿಕೆಗೆ, ಹುಡುಗ ಔಟ್‌ಕಾಲ್ಟ್‌ಗೆ. ಹೊಸ ಪತ್ರಿಕೆಯಲ್ಲಿ ಹುಡುಗ ಬಂದ, ಅವನ ಹೆಸರು ಮಾತ್ರ ಮೇಲೆ ಹಾಕುವ ಹಾಗಿರಲಿಲ್ಲ.

ಇವರೆಲ್ಲರಲ್ಲಿ ನನಗೆ ಇಷ್ಟವಾಗುವವನು ಬಡ್ ಫಿಷರ್. ಸ್ಯಾನ್ ಫ್ರಾನ್ಸಿಸ್ಕೋದ 'ಕ್ರಾನಿಕಲ್' ಪತ್ರಿಕೆಯ ಕ್ರೀಡಾ ಪುಟದಲ್ಲಿ 1907ರ ನವೆಂಬರಿನಲ್ಲಿ ಆತ ಮಟ್ ಎಂಬ ಕುದುರೆ ಜೂಜಿನ ಗೀಳಿನವನನ್ನು ಶುರು ಮಾಡಿದ. ಒಂದೇ ತಿಂಗಳಲ್ಲಿ ಹರ್ಸ್ಟ್‌ನ 'ಎಕ್ಸಾಮಿನರ್'ನಿಂದ ಕರೆ ಬಂತು. ಹೋಗುವ ಮುಂಚೆ, ಹಳೇ ಪತ್ರಿಕೆಗೆ ಕೊಟ್ಟ ಕೊನೆಯ ಚಿತ್ರದ ಮೂಲೆಯಲ್ಲಿ ಯಾರಿಗೂ ಹೇಳದೆ ಒಂದು ಸಾಲು ಗೀಚಿದ: ಕಾಪಿರೈಟ್ 1907, ಎಚ್.ಸಿ. ಫಿಷರ್. ಅದು ಹಾಗೇ ಅಚ್ಚಾಯಿತು. ಹಳೇ ಪತ್ರಿಕೆ ಬೇರೆಯವನಿಂದ ಮಟ್‌ನನ್ನು ಬಿಡಿಸಲು ಹೊರಟಾಗ ಫಿಷರ್ ಆ ಸಾಲು ತೋರಿಸಿ ನಿಲ್ಲಿಸಿದ. ಆಮೇಲೆ ಹರ್ಸ್ಟ್‌ನನ್ನೂ ಬಿಟ್ಟ. ಹರ್ಸ್ಟ್ ಕೋರ್ಟಿಗೆಳೆದ, ಮಟ್ ಮತ್ತು ಅವನ ಜೊತೆಗಾರ ಜೆಫ್ ಇಬ್ಬರೂ ಫಿಷರ್‌ನವರೇ ಅಂತ 1921ರಲ್ಲಿ ತೀರ್ಪು ಬಂತು. ಆತ ಸಿರಿವಂತನಾದ, ಕುದುರೆ ಸಾಕಿದ. ಮಟ್‌ಗಿಂತ ಹೆಚ್ಚು ಅದೃಷ್ಟವಂತ!

ಆದರೆ ಎಲ್ಲರೂ ಫಿಷರ್ ಆಗಲಿಲ್ಲ. ಸಿಂಡಿಕೇಟ್‌ಗಳ ಕಾಲ ಬಂದಿತ್ತು. ಒಬ್ಬ ಚಿತ್ರಕಾರನ ಸ್ಟ್ರಿಪ್ಪನ್ನು, ಅಂದರೆ ಪತ್ರಿಕೆಯಲ್ಲಿ ಕಂತುಕಂತಾಗಿ ಬರುವ ಚಿತ್ರಕತೆಯನ್ನು, ನೂರಾರು ಪತ್ರಿಕೆಗಳಿಗೆ ಮಾರಿ, ಬಂದ ದುಡ್ಡನ್ನು ಅವನ ಜೊತೆ ಹಂಚಿಕೊಳ್ಳುವುದು ಸಿಂಡಿಕೇಟ್‌ನ ಕೆಲಸ. ಮಾಮೂಲಿ ಕರಾರಿನಲ್ಲಿ ಪಾತ್ರದ ಮೇಲಿನ ಹಕ್ಕು ಸಿಂಡಿಕೇಟ್‌ನದೇ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್ ಗೊತ್ತಲ್ವಾ? 1936ರಲ್ಲಿ ಅವನನ್ನು ಮೊದಲು ಬಿಡಿಸಿದವನು ರೇ ಮೂರ್. ಆತನ ನಂತರ ಕೈ ಬದಲಾಗುತ್ತಲೇ ಹೋಯಿತು. ಹುಟ್ಟಿಸಿದ ಲೇಖಕ ಲೀ ಫಾಕ್ 1999ರಲ್ಲಿ ತೀರಿಕೊಂಡ ಮೇಲೂ ಫ್ಯಾಂಟಮ್ ನಿಲ್ಲಲಿಲ್ಲ. ಪಾತ್ರ ಕಿಂಗ್ ಫೀಚರ್ಸ್ ಸಿಂಡಿಕೇಟ್‌ನದು, ಅವರಿಗೆ ನಿಲ್ಲಿಸುವ ಅಗತ್ಯ ಏನಿದೆ?

ಮಿಲ್ಟನ್ ಕ್ಯಾನಿಫ್‌ಗೆ ಇದು ಸಹಿಸಲಿಲ್ಲ. 1934ರಿಂದ ಆತ ಬಿಡಿಸುತ್ತಿದ್ದ 'ಟೆರ್ರಿ ಅಂಡ್ ದ ಪೈರೇಟ್ಸ್' ದೇಶದ ಜನಪ್ರಿಯ ಸ್ಟ್ರಿಪ್‌ಗಳಲ್ಲೊಂದು. ಒಂದು ಗೆರೆಯೂ ಅವನದ್ದಲ್ಲ. 1946ರ ಕೊನೆಗೆ ಅದನ್ನು ಬಿಟ್ಟು, ಹಕ್ಕು ತನ್ನದೇ ಆಗಿರುವ ಹೊಸ ಸ್ಟ್ರಿಪ್ ಶುರು ಮಾಡಿದ. ಒಂದೂ ಚಿತ್ರ ನೋಡದೆಯೇ ಪತ್ರಿಕೆಗಳು ಅದನ್ನು ಕೊಳ್ಳಲು ಮುಂದೆ ಬಂದವು. ಟೆರ್ರಿಯನ್ನು ಬೇರೊಬ್ಬ ಬಿಡಿಸಿದ.

ಕ್ಯಾನಿಫ್‌ನಷ್ಟು ಹೆಸರಿದ್ದರೆ ಹೀಗೆ ಎದ್ದು ಹೋಗಬಹುದು. ಸೀಗೆಲ್, ಶುಸ್ಟರ್ ಹೋಗುವುದೆಲ್ಲಿಗೆ? 1947ರಲ್ಲಿ ಇಬ್ಬರೂ ಸೂಪರ್‌ಮ್ಯಾನ್‌ಗಾಗಿ ಕೋರ್ಟಿಗೆ ಹೋದರು. ಸುಮಾರು 94,000 ಡಾಲರಿಗೆ ರಾಜಿಯಾಯಿತು, ಅದರಲ್ಲೂ ವಕೀಲರಿಗೆ ಪಾಲು. ಕೆಲಸ ಹೋಯಿತು. ಸೂಪರ್‌ಮ್ಯಾನ್ ಪುಟಗಳಿಂದ ಅವರ ಹೆಸರೂ ಹೋಯಿತು. 1975ರ ಹೊತ್ತಿಗೆ ಸೀಗೆಲ್ ಲಾಸ್ ಏಂಜಲೀಸ್‌ನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಶುಸ್ಟರ್‌ಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ. ಅತ್ತ ಸೂಪರ್‌ಮ್ಯಾನ್ ಸಿನಿಮಾಕ್ಕೆ ಕೋಟಿಗಟ್ಟಲೆ ಸುರಿಯುವ ಸುದ್ದಿ. ಸೀಗೆಲ್ ಸಿಟ್ಟಿನಿಂದ ಪತ್ರಿಕೆಗಳಿಗೆ ಉದ್ದದ ಪತ್ರ ಬರೆದ. ಸಿನಿಮಾಕ್ಕೆ ಶಾಪವನ್ನೂ ಹಾಕಿದ.

ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಇಬ್ಬರು ಚಿತ್ರಕಾರರು ಬೆನ್ನಿಗೆ ನಿಂತರು. ಟೀವಿ, ಪತ್ರಿಕೆ ಎಲ್ಲ ಕಡೆ ಈ ಮುದುಕರ ಕತೆ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಮಣಿಯಿತು: ಒಬ್ಬೊಬ್ಬರಿಗೂ ವರ್ಷಕ್ಕೆ 20,000 ಡಾಲರ್, ಪುಟದ ಮೇಲೆ ಹೆಸರು. ಕಾನೂನು ಪ್ರಕಾರ ಕೊಡಲೇಬೇಕಾದ ದುಡ್ಡಲ್ಲ ಅದು, ಸಿನಿಮಾ ಬರುವ ಮೊದಲು ಮುಜುಗರ ತಪ್ಪಿಸಿಕೊಳ್ಳುವ ಖರ್ಚು ಅಂತ ನನ್ನ ಅನಿಸಿಕೆ.

ಬ್ಯಾಟ್‌ಮ್ಯಾನ್‌ನದು ಇನ್ನೂ ತಡ. ಅಲ್ಲಿ ಬಾಬ್ ಕೇನ್ ಒಬ್ಬನ ಹೆಸರೇ ದಶಕಗಳ ಕಾಲ ಇತ್ತು. ಜೊತೆಗೂಡಿ ಪಾತ್ರ ಕಟ್ಟಿದ ಬಿಲ್ ಫಿಂಗರ್‌ನ ಹೆಸರನ್ನು 2015ರಲ್ಲಿ ಸೇರಿಸಿದರು. ಆತ ತೀರಿಕೊಂಡದ್ದು 1974ರಲ್ಲಿ.

ಮಾರ್ವೆಲ್‌ನ ಜ್ಯಾಕ್ ಕರ್ಬಿ ಜಗಳಾಡಿದ್ದು ಕಾಗದಕ್ಕಾಗಿ. ತಾನು ಬಿಡಿಸಿದ ಮೂಲ ಹಾಳೆಗಳನ್ನು ವಾಪಸ್ ಕೊಡಿ ಅಂದ, ಅಷ್ಟೆ. ಆ ಕಾಲದಲ್ಲಿ ಸಂಬಳದ ಚೆಕ್ಕಿನ ಹಿಂದೆಯೇ ಒಂದು ಮೊಹರು ಇರುತ್ತಿತ್ತು. ಸಹಿ ಹಾಕಿದರೆ ಹಕ್ಕೆಲ್ಲ ಕಂಪನಿಗೆ ಬಿಟ್ಟುಕೊಟ್ಟ ಹಾಗೆ, ಹಾಕದಿದ್ದರೆ ಚೆಕ್ ನಗದಾಗದು. 1984ರಲ್ಲಿ ಬೇರೆ ಚಿತ್ರಕಾರರಿಗೆ ಮಾರ್ವೆಲ್ ಒಂದು ಪುಟದ ಕರಾರು ಕಳಿಸಿತು. ಕರ್ಬಿಗೆ ಮಾತ್ರ ನಾಲ್ಕು ಪುಟದ್ದು. ಹತ್ತು ಸಾವಿರಕ್ಕೂ ಮೀರಿ ಹಾಳೆ ಬಿಡಿಸಿದವನಿಗೆ ಕೊನೆಗೆ ಸಿಕ್ಕಿದ್ದು ಸುಮಾರು ಎರಡು ಸಾವಿರ. 1994ರಲ್ಲಿ ಆತ ತೀರಿಕೊಂಡ, ಮಕ್ಕಳ ಮೊಕದ್ದಮೆ 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಅದಕ್ಕೂ ಮುಂಚೆ, 1992ರಲ್ಲಿ, ಮಾರ್ವೆಲ್‌ನ ಏಳು ಜನಪ್ರಿಯ ಚಿತ್ರಕಾರರು ಹೊರಬಂದು 'ಇಮೇಜ್' ಎಂಬ ಸ್ವಂತ ಕಂಪನಿ ಕಟ್ಟಿದ್ದರು. ಬಿಡಿಸಿದವನದೇ ಪಾತ್ರ ಎಂಬುದು ಅಲ್ಲಿನ ನಿಯಮ.

ದುಡ್ಡು ಬೇಡ ಅಂದವನೂ ಒಬ್ಬನಿದ್ದ. 'ಕ್ಯಾಲ್ವಿನ್ ಅಂಡ್ ಹಾಬ್ಸ್'ನ ಬಿಲ್ ವಾಟರ್ಸನ್. ಅದರಲ್ಲಿ ಬರುವ ಹುಲಿಯ ಗೊಂಬೆ, ಟೀ ಶರ್ಟು ಮಾಡಿ ಮಾರಲು ಸಿಂಡಿಕೇಟ್‌ಗೆ ಕರಾರಿನ ಪ್ರಕಾರ ಹಕ್ಕಿತ್ತು. ಆತ ವರ್ಷಗಟ್ಟಲೆ ಜಗಳಾಡಿ ಆ ಹಕ್ಕನ್ನು ವಾಪಸ್ ಪಡೆದ. ಪಡೆದದ್ದು ಮಾರಲು ಅಲ್ಲ, ಯಾರೂ ಮಾರದಿರಲಿ ಅಂತ. 1995ರ ಡಿಸೆಂಬರ್ 31ರಂದು ಸ್ಟ್ರಿಪ್ಪನ್ನೇ ನಿಲ್ಲಿಸಿದ.

ಸೂಪರ್‌ಮ್ಯಾನ್ ವಿಷಯಕ್ಕೆ ಬಂದರೆ, ಸೀಗೆಲ್, ಶುಸ್ಟರ್ ಇಬ್ಬರೂ ಇಲ್ಲ. ಕುಟುಂಬದವರು ಕೋರ್ಟುಗಳಲ್ಲಿ ವರ್ಷಗಟ್ಟಲೆ ಹೋರಾಡಿದರು, ಹಕ್ಕು ಕಂಪನಿಯ ಬಳಿಯೇ ಉಳಿಯಿತು. ಆದರೆ ಅಮೆರಿಕದ ಕಾನೂನಿನಲ್ಲಿ ಆ ಹಕ್ಕಿಗೆ 95 ವರ್ಷದ ಮಿತಿ ಇದೆ. ಈಗಿನ ಕಾನೂನು ಬದಲಾಗದಿದ್ದರೆ 2034ರ ಜನವರಿ 1ರಿಂದ ಆ ಮೊದಲ 13 ಪುಟಗಳನ್ನು ಯಾರು ಬೇಕಾದರೂ ಬಳಸಬಹುದು. ಆ ಪುಟಗಳಲ್ಲಿರುವ ಸೂಪರ್‌ಮ್ಯಾನ್‌ಗೆ ಇನ್ನೂ ಹಾರಲು ಬರುವುದಿಲ್ಲ. ಜಿಗಿಯುತ್ತಾನೆ, ಅಷ್ಟೆ.